ಗೇಣಿದಾರನ ಅಪ್ಪ

ನಮ್ಮ ಸೋಫಾ ಇನ್ನೂ ಮಲಗುವ ಕೋಣೆಯ ಗೋಡೆಗೆ ಆತುಕೊಂಡು ನೆಟ್ಟಗೆ ನಿಂತಿದೆ. ಅದನ್ನು ಅಲ್ಲಿಗೆ ಸಾಗಿಸಿದವರು ಎಂಬತ್ತೊಂದರ ನನ್ನ ಮಾವ. ಕೈಜೋಡಿಸಿದವಳು ನನ್ನ ಮಗಳು, ಉಂಡ ತಟ್ಟೆ ಎತ್ತು ಎಂದರೆ ಬೆನ್ನು ನೋವು ಎನ್ನುವವಳು. ವಾಪಸ್ ತಂದಿಡಿ ಎಂದರೆ ಈಗ ಇಬ್ಬರಿಗೂ ಬೆನ್ನು ನೋವು.

ಇಷ್ಟಕ್ಕೆಲ್ಲ ಮೂಲ ನಮ್ಮ ಲೀಸು. ಹ್ಯಾರೋದ ಈ ಫ್ಲ್ಯಾಟು ಕೊಂಡಾಗ ಊರಿಗೆಲ್ಲ ಫೋಟೋ ಕಳಿಸಿದ್ದೆವು. ನೆಲ ನಮ್ಮದಲ್ಲ ಎಂಬ ಸಂಗತಿ ಫೋಟೋದಲ್ಲಿ ಕಾಣುವುದಿಲ್ಲವಲ್ಲ! ಇಂಗ್ಲೆಂಡಿನಲ್ಲಿ ಫ್ಲ್ಯಾಟು ಕೊಂಡ ಬಹುಪಾಲು ಕನ್ನಡಿಗರ ಹಣೆಬರಹವೇ ಇದು. ಇಪ್ಪತ್ತೈದು ವರ್ಷ ಸಾಲ ತೀರಿಸುವವರು ನಾವು, ಕಟ್ಟಡ ಮತ್ತು ನೆಲ ಮಾತ್ರ ಫ್ರೀಹೋಲ್ಡರನದು. 125 ವರ್ಷದ ನಮ್ಮ ಲೀಸಿನಲ್ಲಿ ಉಳಿದದ್ದು 81. ಅದು 80ರ ಕೆಳಗಿಳಿದರೆ, ಲೀಸು ವಿಸ್ತರಿಸಿದ್ದರಿಂದ ಹುಟ್ಟುವ ಹೆಚ್ಚುವರಿ ಬೆಲೆಯಲ್ಲೂ ಅರ್ಧ ಫ್ರೀಹೋಲ್ಡರನಿಗೇ ಕೊಡಬೇಕು. ಅದನ್ನು ರದ್ದು ಮಾಡಿ, 990 ವರ್ಷ ಕೊಡುವ ಕಾನೂನು 2024ರಲ್ಲೇ ಪಾಸಾಗಿದೆ. ಆ ಭಾಗ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ. ಕಾದರೆ ಕೆಟ್ಟೆವು ಎಂದು ನಮ್ಮವರು ಹಳೆಯ 1993ರ ಕಾಯಿದೆಯಡಿ ಸೆಕ್ಷನ್ 42ರ ನೋಟಿಸು ಕೊಟ್ಟರು.

ಇದನ್ನೆಲ್ಲ ಮಾವನಿಗೆ ವಿವರಿಸಿದ್ದು ಊಟದ ಹೊತ್ತಿನಲ್ಲಿ.

"ಎಂಬತ್ತು ದಾಟಿದೆ ಅಂತ ನನ್ನ ಇನ್ಶೂರೆನ್ಸಿಗೆ ಜಾಸ್ತಿ ಕಿತ್ತರು. ಮನೆಗೆ ಎಂಬತ್ತು ಆಗದಿದ್ದರೆ ಜಾಸ್ತಿಯನಾ?" ಎಂದರು. ಆಮೇಲೆ ತುತ್ತು ಕೈಯಲ್ಲೇ ನಿಂತಿತು. "ಅಂದ್ರೆ ಮಾರಾಯ, ನೀನು ಗೇಣಿದಾರ!"

ನಮ್ಮ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮಾವ ಸಾಗರದ ಕಡೆಯವರು. 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರಕ್ಕೆ ಸತ್ಯಾಗ್ರಹ ಎದ್ದ ಕಾಗೋಡು ಅವರೂರಿಗೆ ಹತ್ತಿರ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ತಂದಾಗ ಮಾವನ ಒಕ್ಕಲಿನವನು ಏಳನೇ ನಂಬರ್ ಫಾರಂ ತುಂಬಿದ, ಮನೆಯೆದುರಿನ ಗದ್ದೆ ಅವನದಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮನೆದೇವರ ಕಥೆಗಿಂತ ಮೊದಲು ಹೇಳಿದ್ದು ಏಳನೇ ನಂಬರಿನ ಕಥೆ. ಐವತ್ತು ವರ್ಷವಾದರೂ ಅದೇ ಸಿಟ್ಟು, ಅದೇ ಬೈಗುಳ.

ಹಾಗಾಗಿ ಅವರು ಫ್ರೀಹೋಲ್ಡರನ ಪಕ್ಷ ಹಿಡಿಯುತ್ತಾರೆ ಎಂದುಕೊಂಡೆವು. ಬೆಳಗ್ಗೆ ಏಳುವಷ್ಟರಲ್ಲಿ ಮಾವ ಮಫ್ಲರು ಸುತ್ತಿ ಕ್ರಾಂತಿಕಾರಿಯಾಗಿದ್ದರು. "ಉಳುವವನೇ ಹೊಲದೊಡೆಯ ಆದ ಮೇಲೆ ಇರುವವನೇ ಮನೆಯೊಡೆಯ ಯಾಕಲ್ಲ?" ಕಟ್ಟಡದ ಅರ್ಧದಷ್ಟು ಫ್ಲ್ಯಾಟಿನವರು ಸೇರಿದರೆ ಫ್ರೀಹೋಲ್ಡನ್ನೇ ಕೊಳ್ಳಬಹುದು ಎಂದು ಮೊಮ್ಮಗಳ ಬಾಯಲ್ಲಿ ಕೇಳಿದ್ದೇ ತಡ, ಮೆಟ್ಟಿಲು ಹತ್ತಿಳಿದು ಬಾಗಿಲು ಬಡಿದರು. ಕೆಳಗಿನ ಗುಜರಾತಿ ಅಜ್ಜಿ ಒಪ್ಪಿದರು; ಫ್ಲ್ಯಾಟು ಇದ್ದದ್ದು ಅವರ ಮಗನ ಹೆಸರಿನಲ್ಲಿ. ಉಳಿದ ಬಹುಪಾಲು ಮನೆಯಲ್ಲಿ ಬಾಡಿಗೆಯವರು, ಮಾಲೀಕರು ಎಲ್ಲೋ. ಕ್ರಾಂತಿ ಎರಡನೇ ಮಹಡಿಗೇ ನಿಂತಿತು.

ಅಷ್ಟರಲ್ಲಿ ಫ್ರೀಹೋಲ್ಡರ್ ಕಡೆಯ ವ್ಯಾಲ್ಯುಯರ್ ಮನೆ ನೋಡಲು ಬರುವುದಾಗಿ ತಿಳಿಸಿದ. ನಮ್ಮ ಮನೆಯ ಬೆಲೆ ಏರಿಸಲು ಬರುವ ಅವನ ಫೀಸೂ ನಾವೇ ಕೊಡಬೇಕು. ಇದನ್ನು ಕೇಳಿದ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಧಣಿಯಾಗಿದ್ದಾಗ ತಮಗೆ ಹೊಳೆಯದೇ ಹೋಯಿತಲ್ಲ ಎಂಬ ವ್ಯಥೆ ಇರಬೇಕು.

ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮನೆಗೆ ಬಡತನ ಬಂದಿತ್ತು. ಸೋಫಾ ಮಾಯ. ಟೀವಿಗೆ ಹಳೇ ಬೆಡ್‌ಶೀಟು. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ಮಾವನ ಒದ್ದೆ ಪಂಚೆ. ನಟ್ಟನಡುವೆ ಸೋರುವ ನೀರಿಗೆಂದು ಒಂದು ಬಕೆಟ್ಟು. ಸೋರುವುದಕ್ಕೆ ನಮ್ಮ ತಲೆಯ ಮೇಲೆ ಇನ್ನೂ ಎರಡು ಮಹಡಿ ಇದೆ! ಮಗಳು ಅದಕ್ಕೆ ಒಂದಿಷ್ಟು ನೀರನ್ನೂ ಹಾಕಿದ್ದಳು. "ಡೀಟೇಲ್ ಮುಖ್ಯ ಅಮ್ಮಾ."

ಸೋಫಾ ಲೆಕ್ಕಕ್ಕೇ ಬರುವುದಿಲ್ಲ, ನಮ್ಮ ಖರ್ಚಿನಲ್ಲಿ ಮಾಡಿಸಿದ ಅಡುಗೆಮನೆಯ ಸುಧಾರಣೆಯನ್ನೂ ಬೆಲೆಗೆ ಸೇರಿಸುವಂತಿಲ್ಲ ಎಂದು ನಮ್ಮವರು ಕಾಯಿದೆ ಓದಿದರು. "ಕಾನೂನಿಗೆ ಕಣ್ಣಿಲ್ಲ, ಬರುವವನಿಗೆ ಇರ್ತದೆ" ಎಂದರು ಮಾವ.

ಅವರು ಮರೆತದ್ದು ಅತ್ತೆಯನ್ನು. ಮನೆಗೆ ಬರುವವನು ಶತ್ರುವಿನ ಕಡೆಯವನಾದರೂ ಬರುವವನೇ ತಾನೆ? ಅಡುಗೆಮನೆಯಿಂದ ತುಪ್ಪದ ಘಮ ಎದ್ದಿತು. ರೇಷ್ಮೆ ಸೀರೆಯುಟ್ಟ ಅತ್ತೆ ಪಂಚೆಗಳ ಸಾಲಿನಡಿ ತಲೆ ಬಗ್ಗಿಸಿ, ಬೆಳ್ಳಿ ತಟ್ಟೆಯಲ್ಲಿ ಕೇಸರಿಬಾತು ಹಿಡಿದು ಹೊರಬಂದರು. ಮಾವ ಕೆಮ್ಮಿದರು, ಕಣ್ಣು ಬಿಟ್ಟರು. ಅತ್ತೆ, "ಬಿಸಿ ನೀರು ಕುಡೀರಿ" ಎಂದರು.

ಬಂದ ಹುಡುಗ ಬಕೆಟ್ಟು ನೋಡಿದ, ಸೂರು ನೋಡಿದ, ಮತ್ತೆ ಬಕೆಟ್ಟು ನೋಡಿದ. ಏನೋ ಬರೆದುಕೊಂಡ. ಮಾವ ಕೈಕಟ್ಟಿ, "ವೀ ಆರ್ ಓನ್ಲಿ ಟೆನೆಂಟ್ಸ್, ಸಾರ್" ಎಂದರು. ಆ ದನಿ ನಾನು ಎಂದೂ ಕೇಳಿದ್ದಲ್ಲ. ಯಾರದೋ ದನಿಯನ್ನು ಐವತ್ತು ವರ್ಷದ ಹಿಂದೆ ಜಗಲಿಯ ಮೇಲೆ ಕೂತು ಕೇಳಿಸಿಕೊಂಡು ನೆನಪಿಟ್ಟುಕೊಂಡ ಹಾಗಿತ್ತು.

"ನಂದೂ ಲೀಸ್‌ಹೋಲ್ಡೇ, ತಲೆಬಿಸಿ ಗೊತ್ತು" ಎಂದ ಹುಡುಗ. ಅತ್ತೆ ಅವನಿಗೆ ಇನ್ನೆರಡು ಸೌಟು ಬಡಿಸಿದರು. ಅವನು ಕೋಣೆ ಅಳೆಯುವಾಗ ಮಾವನೇ ಪಂಚೆ ಎತ್ತಿ ಹಿಡಿದರು.

ಕೌಂಟರ್ ನೋಟಿಸು ಬಂತು, ನಾವು ಹೇಳಿದ್ದಕ್ಕಿಂತ ಬಹಳ ಮೇಲಿನ ಅಂಕಿಯೊಂದಿಗೆ. ಬೆಳ್ಳಿ ತಟ್ಟೆಯದೇ ಕರಾಮತ್ತು ಎಂದು ಮಾವ ಕೂಗಾಡಿದರು. ಅತ್ತೆಗೆ ರೇಗಿ ಗುಟ್ಟು ಹೊರಗೆ ಹಾಕಿದರು: "ಆ ಗದ್ದೆಯವರ ಮನೆಯಿಂದ ಈಗಲೂ ಪ್ರತಿ ವರ್ಷ ಹೊಸ ಅಕ್ಕಿ ಬರ್ತದಲ್ಲ, ಅದರಲ್ಲಿ ಪಾಯಸ ಮಾಡು ಅಂತ ಮೊದಲು ಕೇಳೋರು ಯಾರು?" ಮಾವ ಕನ್ನಡಕ ಒರೆಸುವ ಕೆಲಸ ಹಚ್ಚಿಕೊಂಡರು.

ಚೌಕಾಸಿ ಇನ್ನೂ ನಡೆಯುತ್ತಿದೆ. ಮುಗಿದರೆ ಲೀಸಿಗೆ 90 ವರ್ಷ ಸೇರಿ 171 ಆಗುತ್ತದೆ, ನೆಲಬಾಡಿಗೆ ಹೋಗುತ್ತದೆ. ಕೇಳಿದರೆ ವರ್ಷಕ್ಕೊಂದು ಕಾಳುಮೆಣಸು ಕೊಟ್ಟರಾಯಿತು, ಕಾನೂನಿನಲ್ಲಿ ಹಾಗೇ ಇದೆ. ಇದು ಮಾವನ ಮನಸ್ಸಿಗೆ ನಾಟಿತು. "ಪಾಪ, ಅವನಿಗೇನು ಉಳೀತು? ಹೆಂಡತಿ ಮಕ್ಕಳು ಇದಾರನಾ?" ಅದು ಕಂಪನಿ ಎಂದರೂ ಸಮಾಧಾನವಿಲ್ಲ. ಸಾಗರಕ್ಕೆ ಫೋನು ಮಾಡಿ ತೋಟದ ಮೆಣಸು ಕಳಿಸಲು ಹೇಳಿದ್ದಾರೆ. ಮಗಳು 171 ಕಾಳು ಎಣಿಸಿ ಒಟ್ಟಿಗೇ ಕೊಡುವುದಂತೆ.

"ರಶೀದಿ ಇಸ್ಕೊ," ಎಂದು ಮಗನಿಗೆ ತಾಕೀತು ಮಾಡಿದರು. "ಬಾಯಿಬಿಟ್ಟು ಕೇಳದಿದ್ರೆ ಕೊಡಲ್ಲ. ನಾನೆಲ್ಲಿ ಕೊಡ್ತಿದ್ದೆ?"