ಮುತ್ತುಗದ ಜಲನೀತಿ: ಒಂದು ಗಹನ ಮೀಮಾಂಸೆ

ಕೆರೆಯಂಗಳ ಬಿರುಕುಬಿಟ್ಟು, ಊರ ಕೊಳವೆಬಾವಿಗಳು ಗಾಳಿ ಕಾರುವ ಫಾಲ್ಗುಣದಲ್ಲಿ, ಬಯಲುಸೀಮೆಯ ಕುರುಚಲು ಕಾಡಿನ ಮುತ್ತುಗದ ಮರವು ಮೈಮೇಲೆ ಎಲೆಯಿಲ್ಲದೆಯೂ ಕೊಂಬೆತುಂಬ ಕೆಂಗಿತ್ತಳೆ ಹೂ ಮುಡಿದು ನಿಲ್ಲುವುದು ಮೇಲ್ನೋಟಕ್ಕೆ ಅಕ್ಷಮ್ಯ ದುಂದುಗಾರಿಕೆಯೆಂದೇ ತೋರುವುದರಿಂದ, ಸದರಿ ಮರದ ನೀರಿನ ಲೆಕ್ಕಪರಿಶೋಧನೆ ಅನಿವಾರ್ಯವಾಗಿದೆ.

ಪೂರ್ವಪಕ್ಷವು ಹೀಗಿದೆ: ಎಲೆಯ ಪತ್ರರಂಧ್ರಗಳೆಂಬ ಸೂಕ್ಷ್ಮ ಕಿಂಡಿಗಳಿಂದ ನೀರು ಆವಿಯಾಗಿ ಹೋಗುವ ಕ್ರಿಯೆ, ಅಂದರೆ ಬಾಷ್ಪವಿಸರ್ಜನೆಯು, ಒಂದನ್ನೊಂದು ಹಿಡಿದ ನೀರಿನ ಕಣಗಳ ಸರವನ್ನು ಬೇರಿನಿಂದ ಮೇಲಕ್ಕೆ ಜಗ್ಗುತ್ತದೆಂದು ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮಂಡಿಸಿರುವಾಗ, ಜಗ್ಗುವ ಎಲೆಗಳೇ ಉದುರಿದ ಮೇಲೆ ಹೂವಿಗೆ ನೀರು ಸೇದುವವರು ಯಾರು? ಸಂಜೆಗೆ ಟ್ಯಾಂಕರು ಬರುತ್ತದೆಂಬ ಸಮಾಧಾನವು ಕಾಡಿನಲ್ಲಿ ಸಲ್ಲದು. ಊರಿನಲ್ಲೂ ಅದು ಅಷ್ಟಕ್ಕಷ್ಟೆ.

ಸಿದ್ಧಾಂತವಾದರೋ, ಸೇದುವವರೇ ಕುಡಿದು ಮುಗಿಸುವವರೂ ಆಗಿದ್ದರೆಂಬ ಸೂಕ್ಷ್ಮದಲ್ಲಿದೆ. ಎಲೆಗಳನ್ನು ಸಾರಾಸಗಟಾಗಿ ವಜಾ ಮಾಡಿದೊಡನೆ ಖರ್ಚಿನ ದಾರಿ ಮುಚ್ಚಿ, ಆಳದ ಬೇರುಗಳು ಹನಿಹನಿಯಾಗಿ ತಂದದ್ದು ಕಾಂಡದಲ್ಲೇ ಉಳಿಯುತ್ತದೆ. ಕೋಸ್ಟರಿಕಾದ ಒಣಕಾಡುಗಳ ಮರಗಳಲ್ಲಿ ರೋಲ್ಫ್ ಬೋರ್ಚರ್ಟ್ ಅಭ್ಯಸಿಸಿ 1994ರಲ್ಲಿ ವಿವರಿಸಿದ ಈ ವಿದ್ಯಮಾನಕ್ಕೆ ಕಾಂಡದ ಪುನರ್ಜಲೀಕರಣವೆಂಬ ಘನವಾದ ಹೆಸರಿದ್ದರೂ, ನೆಂಟರು ಹೊರಟ ಮೇಲೆ ಹಂಡೆ ತುಂಬಿತೆಂದರೆ ಅರ್ಥಕ್ಕೇನೂ ಲೋಪವಿಲ್ಲ. ಅಷ್ಟರಲ್ಲಿ ಮೊಗ್ಗು ತನ್ನ ಜೀವಕೋಶಗಳಲ್ಲಿ ಸಕ್ಕರೆ ಕೂಡಿಹಾಕಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿರುವತ್ತ ನೀರು ಕೋಶಪೊರೆಯನ್ನು ದಾಟಿ ತಾನಾಗಿ ನುಗ್ಗುವುದನ್ನು ಅಭಿಸರಣೆಯೆನ್ನುವರಾದರೂ, ಹೋಳಿಗೆ ಮಾಡಿದ ಮನೆಗೆ ಕರೆಯದೆ ಬರುವವರನ್ನು ಕಂಡವರಿಗೆ ಈ ವ್ಯಾಖ್ಯಾನ ಬೇಕಿಲ್ಲ. ಹೀಗೆ ನುಗ್ಗಿದ ನೀರೇ ಕೋಶಗಳನ್ನು ಉಬ್ಬಿಸಿ ದಳವನ್ನು ಬಿರಿಸುತ್ತದೆ.

ಬಂದ ನೀರನ್ನು ಕಾಯುವ ಏರ್ಪಾಡು ಇನ್ನೂ ಸ್ವಾರಸ್ಯಕರವಾದುದು. ಬುಡದಲ್ಲಿ ಬಿದ್ದ ಹೂವೊಂದನ್ನು ಎತ್ತಿ ನೋಡಿದರೆ, ಕರಿಹಸಿರು ಮಖಮಲ್ಲಿನ, ತೊಗಲಿನಷ್ಟು ಗಟ್ಟಿಯಾದ ಪುಷ್ಪಪಾತ್ರೆಯೂ, ಗಿಳಿಮೂಗಿನಂತೆ ಬಾಗಿದ ದಳದ ಹೊರಮೈಯ ಬೆಳ್ಳಿನವಿರೂ ಕಾಣುತ್ತವೆ. ಹೂದಳಗಳಲ್ಲಿ ಪತ್ರರಂಧ್ರಗಳು ಸಾಮಾನ್ಯವಾಗಿ ಬಲು ವಿರಳ. ಎಲೆಯ ಹಾಗೆ ಕಿಟಕಿ ತೆರೆದಿಟ್ಟು ಬಾಳುವ ಶೋಕಿ ಹೂವಿಗಿಲ್ಲ. ನೆರೆಯ ಬೂರುಗವಂತೂ ಮೆದುವಾದ ಕಾಂಡವನ್ನೇ ತೊಟ್ಟಿ ಮಾಡಿಕೊಂಡು, ದಳಗಳನ್ನೂ ಮಾಂಸಲವಾಗಿಸಿ, ಈ ಚರ್ಚೆಗೆ ಆಸ್ಪದವನ್ನೇ ಕೊಡುವುದಿಲ್ಲ.

ಇಷ್ಟೆಲ್ಲ ಜುಗ್ಗತನದ ನಡುವೆಯೂ ಮೈನಾಗಳಿಗೆ ಮಕರಂದ ಸುರಿಸುವ ಬಾಬತ್ತಿಗೆ ಪರಿಶೋಧಕರ ಆಕ್ಷೇಪಣೆ ಇದ್ದೇ ಇದೆ. ಹೂವುದುರಿದ ಮೇಲೆ, ಮುಂಗಾರು ಇನ್ನೂ ದೂರವಿರುವಾಗಲೇ, ಖಾಲಿ ಹುದ್ದೆಗಳಿಗೆ ಮೂರು ಮೂರರ ಗುಂಪಿನಲ್ಲಿ ಹೊಸ ಎಲೆಗಳ ನೇಮಕವಾಗುತ್ತದೆ. ಊಟದೆಲೆ ಹಚ್ಚುವವರು ಅಲ್ಲಿಯವರೆಗೆ ಕಾಯತಕ್ಕದ್ದು.