ಅರಾವಳಿ ಪರ್ವತದ ಅಸ್ತಿ-ನಾಸ್ತಿ ಮೀಮಾಂಸೆ

ಪೂರ್ವಪೀಠಿಕೆ

ಪರ್ವತಗಳ ವಿಷಯವಾಗಿ ಬರೆಯಹೊರಟ ವಿದ್ವಾಂಸನು ಮೊಟ್ಟಮೊದಲು ಮಾಡತಕ್ಕ ಕರ್ತವ್ಯವೆಂದರೆ ಓದುಗನಿಗೆ ಪರ್ವತವು ಕಾಣದಂತೆ ಮಾಡುವುದು. ಈ ಉದ್ದೇಶಸಿದ್ಧಿಗಾಗಿ ‘ಬಹುಪ್ರಾವಸ್ಥಿಕ ವಿರೂಪಣ’, ‘ಭೂಫಲಕಾಂತರ್ಗತ ಸಂಕೋಚನ’, ‘ಪಶ್ಚಾತ್-ಪರ್ವತಜನನಾತ್ಮಕ ಸ್ಥಿರೀಕರಣ’ ಮೊದಲಾದ ಪದಗಳನ್ನು ಶಾಸ್ತ್ರಕಾರರು ನಮಗೆ ದಯಪಾಲಿಸಿರುವರು. ಇವುಗಳಲ್ಲಿ ಯಾವುದಾದರೊಂದನ್ನು ಪ್ರತಿ ವಾಕ್ಯದ ನಡುವೆಯೂ ಅಡ್ಡಲಾಗಿ ಮಲಗಿಸಿದರೆ, ಗುರುಶಿಖರದಂಥ 1,722 ಮೀಟರು ಎತ್ತರದ ಶೃಂಗವೂ ಮರೆಯಾಗುವುದರಲ್ಲಿ ಸಂದೇಹವಿಲ್ಲ. ವಿಚಾರಗೋಷ್ಠಿಗಳ ಹಿಂದಿನ ಸಾಲಿನಲ್ಲಿ ಕುಳಿತು ಇಂಥ ಉಪನ್ಯಾಸಗಳನ್ನು ಕೇಳಿ ಕೇಳಿ ಪಕ್ವನಾದ ಈ ಲೇಖಕನು, ದಿಲ್ಲಿಯಿಂದ ಗುಜರಾತಿನವರೆಗೆ ಸುಮಾರು 670 ಕಿಲೋಮೀಟರು ಚಾಚಿಕೊಂಡಿರುವ ಅರಾವಳಿ ಶ್ರೇಣಿಯ ವಿಕಾಸವನ್ನು ಐದು ಪ್ರಾವಸ್ಥೆಗಳಲ್ಲಿ, ಪ್ರತಿಯೊಂದಕ್ಕೂ ಮೂರು ಉಪಪ್ರಾವಸ್ಥೆಗಳಂತೆ, ನಿರೂಪಿಸಲು ಉದ್ಯುಕ್ತನಾಗಿದ್ದಾನೆ.

ಪ್ರಥಮ ಪ್ರಾವಸ್ಥೆ: ಆಧಾರಶಿಲಾ ನಿರ್ಧಾರಣ

ಅರಾವಳಿಯ ತಳದಲ್ಲಿ ಪಟ್ಟೆಪಟ್ಟೆಯಾದ ನೈಸ್ ಶಿಲೆಗಳ ಸಂಕೀರ್ಣವೊಂದುಂಟು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎ. ಎಂ. ಹೆರನ್ ಮಹಾಶಯರು ರಾಜಪುತಾನವನ್ನು ಕಾಲ್ನಡೆಯಲ್ಲಿ ಅಳೆದು, 1953ರಲ್ಲಿ ಪ್ರಕಟವಾದ ತಮ್ಮ ಬೃಹದ್ವರದಿಯಲ್ಲಿ, ಇದೇ ಎಲ್ಲಕ್ಕೂ ಮೂಲವಾದ ಪೀಠವೆಂದು ನಿರ್ಣಯಿಸಿದರು. ಬೇರೆ ವಿದ್ವಾಂಸರು ಇದನ್ನೊಪ್ಪದೆ, ಆ ನೈಸಿನ ಬಹುಭಾಗವು ಅರಾವಳಿಯ ಮಡ್ಡಿಶಿಲೆಗಳೇ ಕಾವಿನಲ್ಲಿ ಬೆಂದು ರೂಪಾಂತರಗೊಂಡದ್ದೆಂದು ವಾದಿಸಿದರು. ಅಂದರೆ, ತಾಯಿಯೆಂದು ನಾವು ಕೈಮುಗಿಯುತ್ತಿದ್ದವಳು ಮಗಳಾಗಿರಬಹುದು. ಈ ವ್ಯಾಜ್ಯವು ದಶಕಗಳ ಪರ್ಯಂತ ನಡೆದು, ಕಟ್ಟಕಡೆಗೆ ಪರಮಾಣುಗಳ ಕ್ಷಯವನ್ನು ಎಣಿಸುವ ಯಂತ್ರಗಳು ಬಂದು, ಆ ಪೀಠದ ಕೆಲವು ಭಾಗಗಳಾದರೂ ಸುಮಾರು 330 ಕೋಟಿ ವರ್ಷ ಹಳೆಯವೆಂದು ಸಾಕ್ಷ್ಯ ನುಡಿದವು. ಇಷ್ಟು ಕಾಲವೂ ಶಿಲೆಯು ಯಾವ ಪಕ್ಷವನ್ನೂ ವಹಿಸದೆ ಬಿಸಿಲಿಗೆ ಬಿದ್ದುಕೊಂಡಿತ್ತು.

ದ್ವಿತೀಯ ಪ್ರಾವಸ್ಥೆ: ಜಲಾವತರಣ

ತದನಂತರ ಈ ಪೀಠವು ಬಿರಿದು, ತಗ್ಗಿನಲ್ಲಿ ಕಡಲು ತುಂಬಿ, ಸುಮಾರು 220 ಕೋಟಿ ವರ್ಷಗಳ ಹಿಂದಿನಿಂದ ಮರಳೂ ಕೆಸರೂ ಸುಣ್ಣವೂ ಪದರಗಟ್ಟಿದವು. ಈ ಪ್ರಾವಸ್ಥೆಗೆ ‘ಅವತಲೀಯ ಅವಸಾದನ’ವೆಂದು ನಾಮಕರಣ ಮಾಡುವುದರಲ್ಲಿದ್ದೆ, ಆದರೆ ಉದಯಪುರದ ಸಮೀಪ ಝಾಮರ್‌ಕೋಟ್ರಾದಲ್ಲಿ ಫಾಸ್ಫೇಟು ಶಿಲೆಯೊಳಗೆ ಕಾಣುವ ಸ್ಟ್ರೊಮ್ಯಾಟೊಲೈಟುಗಳು ಪಾಂಡಿತ್ಯಕ್ಕೆ ಅಡ್ಡಿಪಡಿಸುತ್ತವೆ. ಕಡಿದ ಬಂಡೆಯ ಪಕ್ಕದಲ್ಲಿ ಅವು ಒತ್ತೊತ್ತಾಗಿ ನಿಂತ ಕಿರುಗಂಬಗಳು. ಅಡ್ಡಲಾಗಿ ಕೊಯ್ದ ಮುಖದಲ್ಲಿ ವರ್ತುಲದೊಳಗೊಂದು ವರ್ತುಲ. ಕಣ್ಣಿಗೆ ಕಾಣದ ಜೀವಾಣುಗಳು ಆಳವಿಲ್ಲದ ನೀರಿನಲ್ಲಿ ಬೆಳಕಿನತ್ತ ಏರುತ್ತ, ಮೈಮೇಲೆ ಬಿದ್ದ ಕೆಸರನ್ನು ಹಿಡಿದಿಟ್ಟು, ಕಟ್ಟಿದ ಪದರದ ಮೇಲೆ ಮತ್ತೊಂದು ಪದರವನ್ನು ಕಟ್ಟಿದುದರ ದಾಖಲೆ ಅದು. ಎಲೆಯಾಗಲಿ ಮೀನಾಗಲಿ ಇನ್ನೂ ಹುಟ್ಟದಿದ್ದ ಲೋಕದಲ್ಲಿ ಅವು ಕೆಲಸ ಮಾಡುತ್ತಿದ್ದವು. ಇದಕ್ಕೆ ಉಪಪ್ರಾವಸ್ಥೆಗಳನ್ನು ಕಲ್ಪಿಸಲು ಮನಸ್ಸು ಬಾರದು.

ತೃತೀಯ ಪ್ರಾವಸ್ಥೆ: ಸಂಘಟ್ಟನ ಹಾಗೂ ಪುನಃಸಂಘಟ್ಟನ

ಕಡಲು ಮುಚ್ಚಿ, ಭೂಖಂಡಗಳು ಒತ್ತಿ, ಪದರಗಳು ಮಡಿಚಿದವು. ಮುಂದೆ ಪಶ್ಚಿಮದಲ್ಲಿ ಮತ್ತೊಂದು ಜಲಾಶಯವು ತೆರೆದು, ‘ದಿಲ್ಲಿ’ ಎಂದು ಹೆಸರಾದ ಶಿಲಾಸಮೂಹವು ಶೇಖರಗೊಂಡು, ಸುಮಾರು 100 ಕೋಟಿ ವರ್ಷಗಳ ಹಿಂದೆ ಅದೂ ಮಡಿಚಿತು. ಇಲ್ಲಿ ಮೊದಲನೆಯ ಮಡಿಕೆ, ಮೊದಲನೆಯದನ್ನು ಮಡಿಸಿದ ಎರಡನೆಯ ಮಡಿಕೆ, ಎರಡನ್ನೂ ಅಡ್ಡಮಡಿಸಿದ ಮೂರನೆಯ ಮಡಿಕೆಗಳುಂಟು. ಅಲ್ಲಿ ನಿಜವಾದ ಸಾಗರವಿತ್ತೆಂದು ಒಂದು ಪಂಥವೂ, ಭೂಖಂಡದ ಒಡಲಲ್ಲೇ ಬಿರುಕು ಬಿಟ್ಟು ಕೂಡಿತೆಂದು ಇನ್ನೊಂದು ಪಂಥವೂ ಸಾರುತ್ತಿದ್ದು, ಉಭಯ ಪಂಥಗಳ ಘರ್ಷಣದಿಂದ ಉದ್ಭವಿಸಿದ ಗ್ರಂಥರಾಶಿಯೇ ಒಂದು ಪ್ರತ್ಯೇಕ ಪರ್ವತಶ್ರೇಣಿಯಾಗಿದೆ. ಅದೇ ಒತ್ತಡದಲ್ಲಿ ಬೆಂದ ಮಕ್ರಾಣದ ಸುಣ್ಣಕಲ್ಲು ಅಮೃತಶಿಲೆಯಾಗಿ, ಬಹುಕಾಲಾನಂತರ ತಾಜಮಹಲಾಯಿತೆಂಬುದು ಉಭಯಸಮ್ಮತ.

ಚತುರ್ಥ ಪ್ರಾವಸ್ಥೆ

ಇದಕ್ಕೂ ಮೂರು ಉಪಪ್ರಾವಸ್ಥೆಗಳನ್ನು ವಾಗ್ದಾನ ಮಾಡಿದ್ದುಂಟು, ಹೆಸರುಗಳೂ ಸಿದ್ಧವಾಗಿವೆ. ಆದರೆ ನಡೆದದ್ದು ಇಷ್ಟೇ: ಮಳೆ ಹೊಯ್ದಿತು, ಗಾಳಿ ಬೀಸಿತು, ಬೆಟ್ಟ ಸವೆಯಿತು. ಹಿಮಾಲಯವು ಎತ್ತರವಾಗಿರುವುದು ಅದರ ಘನತೆಯಿಂದಲ್ಲ, ಎಳವೆಯಿಂದ. ಅದಕ್ಕೆ ಕಾರಣವಾದ ಘರ್ಷಣೆ ಆರಂಭವಾಗಿ ಸುಮಾರು 5 ಕೋಟಿ ವರ್ಷಗಳಾದವಷ್ಟೆ. ಅರಾವಳಿಯ ಕುಳ್ಳುತನವೇ ಅದರ ವಯಸ್ಸಿನ ಪ್ರಮಾಣಪತ್ರ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಪಾಠವಾಗಿರುವ ಈ ಸಂಗತಿಯನ್ನು ಇಲ್ಲಿ ಒತ್ತಿ ಹೇಳುವುದರ ಕಾರಣವು ಮುಂದಿನ ಪ್ರಾವಸ್ಥೆಯಲ್ಲಿ ವ್ಯಕ್ತವಾಗುವುದು.

ಪಂಚಮ ಪ್ರಾವಸ್ಥೆ: ಪರಿಭಾಷಾತ್ಮಕ ನಗ್ನೀಕರಣ

ಪೂರ್ವೋಕ್ತ ನಾಲ್ಕು ಪ್ರಾವಸ್ಥೆಗಳಲ್ಲಿ ಶಾಖ, ಒತ್ತಡ, ಜಲ, ವಾಯುಗಳು 300 ಕೋಟಿ ವರ್ಷಕ್ಕೂ ಮಿಕ್ಕಿ ದುಡಿದು ಸಾಧಿಸಲಾರದೆ ಹೋದುದನ್ನು ಒಂದು ಸಮಿತಿಯು ಒಂದು ವಾಕ್ಯದಿಂದ ಸಾಧಿಸಿತು. ಸುತ್ತಲಿನ ನೆಲದಿಂದ 100 ಮೀಟರು ಅಥವಾ ಅದಕ್ಕೂ ಹೆಚ್ಚು ಎತ್ತರವಿದ್ದರೆ ಅದು ಅರಾವಳಿಯ ಬೆಟ್ಟ. ಅಂಥ ಬೆಟ್ಟಗಳೆರಡು 500 ಮೀಟರಿನೊಳಗಿದ್ದರೆ ಅದು ಶ್ರೇಣಿ. 2025ರ ನವೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಅಂಗೀಕರಿಸಿತು. ನಿರ್ವಹಣಾ ಯೋಜನೆ ಸಿದ್ಧವಾಗುವವರೆಗೆ ಹೊಸ ಗಣಿ ಗುತ್ತಿಗೆ ಕೊಡಕೂಡದೆಂಬ ಮಾತೂ ಆದೇಶದಲ್ಲಿತ್ತೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳತಕ್ಕದ್ದು.

ಈ ಸಿದ್ಧಾಂತದ ಫಲಗಳು ಅನೇಕ. 99 ಮೀಟರಿನ ಬೆಟ್ಟವು ಬೆಟ್ಟವಲ್ಲ. 101 ಮೀಟರಿನ ಬೆಟ್ಟವು ನೆತ್ತಿಯ ಮೇಲೆ ಒಂದು ವಾರ ಜೆಸಿಬಿ ಓಡಾಡಿದರೆ ಬೆಟ್ಟವಾಗಿ ಉಳಿಯದು. ಅಷ್ಟು ಶ್ರಮವೂ ಬೇಡವೆನ್ನುವವರು ಬುಡಕ್ಕೆ ಮಣ್ಣು ಸುರಿದರೂ ಸಾಕು. ದಿಲ್ಲಿಯ ರಾಯ್‌ಸಿನಾ ಗುಡ್ಡವೂ ಅರಾವಳಿಯ ಬಾಲವೇ. ಅದನ್ನೇರುವ ರಸ್ತೆಯ ಇಳಿಜಾರಿನ ವಿಷಯವಾಗಿ ಲುಟ್ಯೆನ್ಸ್ ಮತ್ತು ಬೇಕರ್ ಎಂಬ ವಾಸ್ತುಶಿಲ್ಪಿಗಳು ಸ್ನೇಹ ಕೆಡುವಷ್ಟು ಜಗಳವಾಡಿದರೇ ಹೊರತು, ಗುಡ್ಡದ ಅಸ್ತಿತ್ವವನ್ನು ಇಬ್ಬರೂ ಶಂಕಿಸಿರಲಿಲ್ಲ. ಹೊಸ ಅಳತೆಗೋಲನ್ನು ಹಿಡಿದರೆ, ರಾಷ್ಟ್ರಪತಿ ಭವನವು ಬಟ್ಟಬಯಲಿನಲ್ಲಿ ನಿಂತಿದೆ. ಇದೇ ಕೋಲು ಬೆಂಗಳೂರಿಗೆ ಬಂದರೆ, ಸುಮಾರು 300 ಕೋಟಿ ವರ್ಷದ ಲಾಲ್‌ಬಾಗಿನ ಬಂಡೆಯು ಕೆಂಪೇಗೌಡರ ಗೋಪುರವನ್ನು ಹೊತ್ತುಕೊಂಡೇ ನಾಸ್ತಿಯಾಗುವುದು.

2018ರಲ್ಲಿ ಇದೇ ನ್ಯಾಯಾಲಯದ ಮುಂದೆ ವರದಿಯೊಂದು ಬಂದಿತ್ತು: ರಾಜಸ್ಥಾನದಲ್ಲಿ ಪರಿಶೀಲಿಸಿದ 128 ಬೆಟ್ಟಗಳಲ್ಲಿ 31 ಇಲ್ಲ. ಬೆಟ್ಟಗಳನ್ನು ಹೊತ್ತೊಯ್ಯಲು ಜನರೇನು ಹನುಮಂತರಾದರೇ ಎಂದು ಪೀಠವು ಕೇಳಿತು. ಹನುಮಂತನು ಬೆಟ್ಟ ಹೊತ್ತದ್ದು ಒಂದು ಪ್ರಾಣವನ್ನು ಉಳಿಸಲು. ಅವನ ಬಳಿ ರಾಜಧನ ಕಟ್ಟಿದ ರಸೀತಿಯೂ ಇರಲಿಲ್ಲ.

ಇನ್ನು ಉಪಪ್ರಾವಸ್ಥೆಗಳು ಸಾಕು. ಗಣಿಗಾರಿಕೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ಉದಯಪುರದ ದಕ್ಷಿಣದ ಝಾವರಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಜನರು ಮಣ್ಣಿನ ಮೂಸೆಗಳಲ್ಲಿ ಅದಿರನ್ನು ಕಾಯಿಸಿ, ಆವಿಯಾಗಿ ಹಾರಿಹೋಗುವ ಸತುವನ್ನು ಕೆಳಗಿನ ಪಾತ್ರೆಗಿಳಿಸುವ ಜಾಣ್ಮೆಯನ್ನು ಕಂಡುಕೊಂಡಿದ್ದರು. ಬಳಸಿ ಬಿಸುಟ ಆ ಉದ್ದನೆಯ ಮೂಸೆಗಳನ್ನೇ ಸಾಲಾಗಿ ಜೋಡಿಸಿ ಕಟ್ಟಿದ ಗೋಡೆಗಳು ಅಲ್ಲಿ ಇಂದಿಗೂ ಇವೆ. ಅವರು ಬೆಟ್ಟದಿಂದ ಲೋಹವನ್ನು ತೆಗೆದರು. ಬೆಟ್ಟವನ್ನು ಬೆಟ್ಟದ ಪಟ್ಟಿಯಿಂದ ತೆಗೆಯಲಿಲ್ಲ. ನಮಗೆ ಬೇಕಾಗಿರುವುದು ಅದಿರೂ ಅಲ್ಲ, ಬರಿಯ ಜಲ್ಲಿ. ಅದಕ್ಕಾಗಿ ಬೆಣಚುಕಲ್ಲಿನ ಬಿರುಕುಗಳಲ್ಲಿ ಮಳೆನೀರನ್ನು ಇಂಗಿಸಿ ಬಾವಿಗಳನ್ನು ಪೊರೆಯುವ ಗುಡ್ಡವನ್ನು ಕ್ರಷರಿಗೆ ಸುರಿಯುತ್ತೇವೆ. ಹರಿಯಾಣದ ಕಡೆಯ ತಗ್ಗು ದಿಣ್ಣೆಗಳೇ ಥಾರ್ ಮರುಭೂಮಿಯ ಧೂಳಿಗೆ ಎದೆಗೊಟ್ಟಿರುವುದು. ಅವು ಎತ್ತರ ನೋಡಿಕೊಂಡು ಕೆಲಸ ಮಾಡುವುದಿಲ್ಲ. ತಾಯಿಯೋ ಮಗಳೋ ಎಂದು ಕಚ್ಚಾಡಿದ ಹಳೆಯ ಪಂಡಿತರನ್ನು ನಾನು ಹಾಸ್ಯ ಮಾಡಿದ್ದು ನಿಜ. ಆದರೆ ಅವರ ಜಗಳವೆಲ್ಲ ಬೆಟ್ಟವಿದೆ ಎಂಬ ನಂಬಿಕೆಯ ಮೇಲೆ ನಡೆದದ್ದು. ಅವರ ಪರಿಭಾಷೆ ಬೆಟ್ಟವನ್ನು ಮರೆಮಾಡಿತು, ಅಷ್ಟೇ. ಇವರ ಪರಿಭಾಷೆ ಅದನ್ನು ಲಾರಿಗೆ ಏರಿಸುತ್ತದೆ. ವಯಸ್ಸಾಗಿ ಬಾಗಿದ್ದೇ ಅಪರಾಧವೆಂದು ತೀರ್ಪು ಕೊಡುವ ಶಾಸ್ತ್ರವನ್ನು ಶಾಸ್ತ್ರವೆಂದು ಕರೆಯಲು ನಾಚಿಕೆಯಾಗಬೇಕು.

ಉಪಸಂಹಾರ

ಜನರು ಬೀದಿಗಿಳಿದ ಮೇಲೆ, 2025ರ ಡಿಸೆಂಬರ್ 29ರಂದು ನ್ಯಾಯಾಲಯವು ತನ್ನ ಆದೇಶವನ್ನೇ ತಡೆಹಿಡಿದು, ಹೊಸ ತಜ್ಞರ ಸಮಿತಿಯ ಮಾತನ್ನೆತ್ತಿತು. ಒಳ್ಳೆಯದೇ. ತಡೆಯಾಜ್ಞೆಯಿಂದ ಕಾಗದದ ಮೇಲಿನ 100 ಮೀಟರನ್ನು ನಿಲ್ಲಿಸಬಹುದು. ಕಾಣೆಯಾದ 31ರಲ್ಲಿ ಒಂದನ್ನಾದರೂ ಎಬ್ಬಿಸಿ ನಿಲ್ಲಿಸಬಲ್ಲ ಪೀಠವಾಗಲಿ ಶಾಸ್ತ್ರವಾಗಲಿ ಲೋಕದಲ್ಲಿಲ್ಲ. ಇಷ್ಟನ್ನು ಮೊದಲ ಪುಟದಲ್ಲಿ ಒಪ್ಪಿಕೊಂಡು ಹೊಸ ಸಮಿತಿಯು ಕೆಲಸಕ್ಕೆ ಕೂರಲಿ. ಉಳಿದ ಪುಟಗಳಲ್ಲಿ ಪಾರಿಭಾಷಿಕ ಪದಗಳು ಎಷ್ಟಿದ್ದರೂ ಓದಲು ನಾನು ಸಿದ್ಧ.