ಸಣ್ಣದೇನೂ ಸಿಗದ ಸೀಮೆ

ನೆನಪಿಗೆಂದು ಕೊಳ್ಳುವ ಸಾಮಾನು ಅಂಗೈಯಲ್ಲಿ ಹಿಡಿಯಬೇಕು, ಹಗುರವಾಗಿರಬೇಕು, ಮುಖ್ಯವಾಗಿ ಯಾವ ಕೆಲಸಕ್ಕೂ ಬರಬಾರದು. ಮೈಸೂರಿಗೆ ಗಂಧದ ಆನೆಯಿದೆ, ಚನ್ನಪಟ್ಟಣಕ್ಕೆ ಬುಗುರಿಯಿದೆ, ಕಿನ್ನಾಳಕ್ಕೆ ಗೊಂಬೆಯಿದೆ. ನಮ್ಮ ಚಳ್ಳಕೆರೆಗೆ ಹದಿನೈದು ಕೆಜಿಯ ಶೇಂಗಾ ಎಣ್ಣೆ ಡಬ್ಬವಿದೆ. ಎಣ್ಣೆ ನಗರ ಎಂದು ಹೆಸರು ಪಡೆದ ಊರು ಇನ್ನೇನು ಕೊಟ್ಟೀತು? ಅದು ಬೇಡವೆಂದರೆ ಕಂಬಳಿ. ಬಳ್ಳಾರಿ ದಿಕ್ಕಿಗೆ ಮುಂದೆ ಹೋದರೆ ಮೊಳಕಾಲ್ಮುರು ರೇಷ್ಮೆ ಸೀರೆ. ಒಂದನ್ನು ಹೊರಲಾಗದು, ಇನ್ನೊಂದರ ಬೆಲೆ ತಾಳಲಾಗದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು ಏನಾದರೂ ಇದೆಯಾ ಎಂದು ಕೇಳಿದವರಿಗೆ ನಾನು ಬಸ್‌ಸ್ಟ್ಯಾಂಡ್ ತೋರಿಸಿದ್ದೇನೆ.

ಇಂಥ ಊರಿಗೆ ನನ್ನ ನಾದಿನಿ ಘಾನಾದಿಂದ ರಜೆಗೆ ಬಂದಳು. ಅವಳ ಗಂಡನಿಗೆ ಅಕ್ರಾದಲ್ಲಿ ಕೆಲಸ. ಬರುವಾಗ ಬೋಲ್ಗಟಂಗಾ ಎಂಬ ಊರಿನ ಹುಲ್ಲು ಬುಟ್ಟಿ ತಂದಳು. ಅದರಲ್ಲಿ ಈಗ ಈರುಳ್ಳಿ ಇದೆ. ಜೊತೆಗೆ ನನಗೆಂದು ಕಣ್ಣು ಕುಕ್ಕುವ ಬಣ್ಣದ ಬಟ್ಟೆ. "ಅತ್ತಿಗೆ, ಅಪ್ಪಟ ಆಫ್ರಿಕಾದ್ದು" ಎಂದಳು. ಅಂಚಿನಲ್ಲಿದ್ದ ಅಕ್ಷರಗಳನ್ನು ನನ್ನ ಗಂಡ ಕನ್ನಡಕ ಏರಿಸಿ ಓದಿ, "ಹಾಲೆಂಡ್ ಅಂತಿದೆಯಲ್ಲಮ್ಮಾ" ಎಂದರು. ಹೌದಂತೆ. ಡಚ್ಚರು ಜಾವಾದ ಬಾಟಿಕ್ ಬಟ್ಟೆಯನ್ನು ಯಂತ್ರದಲ್ಲಿ ನಕಲು ಮಾಡಿದರು, ಅದು ಪಶ್ಚಿಮ ಆಫ್ರಿಕಾದ ಹೆಂಗಸರಿಗೆ ಎಷ್ಟು ಹಿಡಿಸಿತೆಂದರೆ ಕೊನೆಗೆ ಅವರದೇ ಆಗಿಹೋಯಿತು. 1846ರಲ್ಲಿ ಶುರುವಾದ ವ್ಲಿಸ್ಕೊ ಎಂಬ ಕಂಪನಿ ಹೆಲ್ಮಂಡ್ ಊರಿನಲ್ಲಿ ಇವತ್ತಿಗೂ ಅದನ್ನೇ ಅಚ್ಚು ಹಾಕುತ್ತದೆ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಪಾಣಿಪತ್ತಿನಲ್ಲಿ ಹಳೇ ಸ್ವೆಟರ್ ಬಿಚ್ಚಿ ನೂತ ಕಂಬಳಿಯನ್ನು ನಾಡಿನ ತುಂಬ ಹೊದ್ದವರು ನಾವು. ಯಾರ ಬಟ್ಟೆ ಎಲ್ಲಿಯದೆಂದು ಕೇಳುವ ಬಾಯಿ ನಮಗೆಲ್ಲಿದೆ?

ಅವಳಿಗೊಂದು ಋಣವಿತ್ತು. ಅಕ್ರಾದ ಗೆಳತಿಯೊಬ್ಬಳು ಅವಳಿಗೆ ಕೈಮಗ್ಗದ ಕೆಂಟೆ ಬಟ್ಟೆ ಉಡುಗೊರೆ ಕೊಟ್ಟಿದ್ದಳು. ಅಂಗೈ ಅಗಲದ ಉದ್ದುದ್ದ ಪಟ್ಟಿಗಳನ್ನು ನೇಯ್ದು, ಒಂದಕ್ಕೊಂದು ಸೇರಿಸಿ ಹೊಲಿದ ಬಟ್ಟೆ ಅದು. ಹಿಂದೆ ಅಸಾಂಟೆ ರಾಜರು ಹೊದೆಯುತ್ತಿದ್ದದ್ದು. ಅದಕ್ಕೆ ಸರಿಸಮನಾದದ್ದನ್ನು ಇಲ್ಲಿಂದ ಒಯ್ಯಬೇಕು. "ಬೆಲೆ ವಿಷಯ ನಂಗ್ಬಿಡಿ ಅತ್ತಿಗೆ" ಎಂದಳು. ಅಕ್ರಾದ ಮಾಕೊಲಾ ಮಾರುಕಟ್ಟೆ ಹೆಂಗಸರ ರಾಜ್ಯವಂತೆ. ಅಲ್ಲಿ ಪಳಗಿದ ಇವಳ ವಿದ್ಯೆ ಹೀಗೆ: ಬೆಲೆ ಕೇಳಿದ ಕೂಡಲೇ ದೊಡ್ಡದಾಗಿ ನಗಬೇಕು, ಅರ್ಧಕ್ಕೆ ಕೇಳಬೇಕು, ಒಪ್ಪದಿದ್ದರೆ ತಿರುಗಿ ನಾಲ್ಕು ಹೆಜ್ಜೆ ನಡೆಯಬೇಕು. ಹಿಂದಿನಿಂದ ಕರೆ ಬಂದೇ ಬರುತ್ತದೆ. ಆಮೇಲೆ ನಮ್ಮ ಕೊಸರಿನ ಹಾಗೆ ಮೇಲಿಷ್ಟು ಕೇಳಿ ಪಡೆಯಬೇಕು.

ಕಂಬಳಿ ಅಂಗಡಿಯ ಅಜ್ಜ ಬೆಲೆ ಹೇಳಿದ. ಇವಳು ನಕ್ಕಳು. ಅಜ್ಜನೂ ನಕ್ಕ. ಇವಳು ಅರ್ಧಕ್ಕೆ ಕೇಳಿದಳು.

"ಯಾವೂರವ್ವಾ?"

"ಇದೇ ಊರು ಅಜ್ಜ."

"ಯಾರ ಪೈಕಿ?"

ಇಲ್ಲಿಗೆ ಮಾಕೊಲಾ ವಿದ್ಯೆ ಕೈಕೊಟ್ಟಿತು. ಹೆಸರು ಹೇಳುತ್ತಲೇ ಅಜ್ಜ ನಮ್ಮ ಮಾವನವರ ಅಪ್ಪನವರೆಗೆ ಹೋಗಿ, ಅವರು ಕೊಂಡ ಕಂಬಳಿಯ ಅಂಚು ಎಂಥದ್ದೆಂದು ಹೇಳಿ, ಚಹಾಕ್ಕೆ ಹುಡುಗನನ್ನು ಅಟ್ಟಿದ. ಚಹಾ ಕುಡಿದ ಮೇಲೆ ಅರ್ಧಕ್ಕೆ ಕೇಳುವುದು ಹೇಗೆ? ಆದರೂ ಛಲ ಬಿಡದೆ ಎದ್ದು ನಾಲ್ಕು ಹೆಜ್ಜೆ ನಡೆದಳು. ಕರೆ ಬಂತು. "ಎಡಗಡೆ ಮೂರನೇ ಅಂಗಡಿಗೂ ಹೋಗಿ ನೋಡ್ಕಂಡ್ ಬರ್ರಿ. ಅವನೂ ನಮ್ಮಣ್ಣನ ಮಗನೇ."

ಕಂಬಳಿಯ ಬಗ್ಗೆ ಅಜ್ಜನಿಗೆ ನಾಚಿಕೆಯೂ ಇಲ್ಲ, ಜಾಹೀರಾತೂ ಇಲ್ಲ. ಮುಟ್ಟಿ ನೋಡಿ "ಚುಚ್ಚುತ್ತೆ" ಎಂದರೆ "ಚುಚ್ತೈತಿ" ಎನ್ನುತ್ತಾನೆ. ವಾಸನೆ ಎಂದರೆ "ಕುರಿದಲ್ವಾ?" ಎನ್ನುತ್ತಾನೆ. ಮಳೆ ಅಪರೂಪವಾದ ಈ ನೆಲದಲ್ಲಿ ಕುರಿ ಮೇಯುತ್ತದೆ, ಕುರಿಯ ತುಪ್ಪಟ ಕತ್ತರಿಸುತ್ತಾರೆ, ಹೆಂಗಸರು ನೂಲುತ್ತಾರೆ. ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕಾಯಿಸಿದ ಸರಿಯನ್ನು ಬಳಿಯುತ್ತಾರೆ. ಅದರಿಂದ ನೂಲಿಗೆ ಬಿಗಿ ಬರುತ್ತದೆ, ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಮಳೆಯೇ ಬಾರದ ಸೀಮೆಯಲ್ಲಿ ಮಳೆಗೆ ಬಗ್ಗದ ಹೊದಿಕೆ ನೇಯುತ್ತ ಬಂದಿದ್ದಾರಲ್ಲ, ಈ ಜನರ ಆಶಾವಾದಕ್ಕೆ ಕೈ ಮುಗಿಯಬೇಕು. ಕರಿ ಕುರಿಯ ಉಣ್ಣೆಯದಾದರೆ ಬಣ್ಣವೂ ಬೇಡ. ಈಗಿನ ಕಷ್ಟವೆಂದರೆ ಮಾಂಸಕ್ಕೆ ಚೆನ್ನಾಗಿ ಬೆಳೆಯುವ, ಉಣ್ಣೆಯೇ ಇಲ್ಲದ ಕುರಿಗಳ ಕಡೆಗೆ ಸಾಕುವವರು ವಾಲಿರುವುದು. "ಬಿರಿಯಾನಿ ತಿಂದು ಕಂಬಳಿ ಕೇಳಿದ್ರೆ ಎಲ್ಲಿಂದ ತರನ?" ಎಂಬುದು ಅಜ್ಜನ ಪ್ರಶ್ನೆ.

ನಾದಿನಿಗೆ ಅಕ್ರಾದ ಕರಕುಶಲ ಸಂತೆಯಲ್ಲಿ ಕಂಡ ಇನ್ನೊಂದು ಕಂಬಳಿ ನೆನಪಾಯಿತು. ಮಾಲಿ ದೇಶದಲ್ಲಿ ನೈಜರ್ ನದಿಯ ಬಯಲಿನಲ್ಲಿ ದನ ಕುರಿ ಕಾಯುವ ಫುಲಾನಿಗಳದ್ದು. ಹೆಸರು ಕಾಸಾ. ಅದೂ ಕುರಿ ಉಣ್ಣೆಯದೇ, ಅದೂ ಪಟ್ಟಿ ಸೇರಿಸಿ ಹೊಲಿದದ್ದು. ಚಳಿಗೂ ಸೊಳ್ಳೆಗೂ ಹೊದೆಯುವುದು. ಯುರೋಪಿನವರು ಅದನ್ನು ಕೊಂಡುಹೋಗಿ ಗೋಡೆಗೆ ತೂಗುಹಾಕುತ್ತಾರಂತೆ. ಇದನ್ನು ಕೇಳಿ ಅಜ್ಜ ತುಸು ಹೊತ್ತು ಯೋಚಿಸಿ, "ಗೋಡೆಗೆ ಚಳಿ ಆಗ್ತೈತಾ?" ಎಂದು ಕೇಳಿದ.

ನಮ್ಮಲ್ಲಿ ಕಂಬಳಿಗೆ ಗೋಡೆಗಿಂತ ದೊಡ್ಡ ಜಾಗಗಳಿವೆ. ದೇವರ ಗದ್ದುಗೆಗೆ ಹಾಸುವುದು ಕರಿ ಕಂಬಳಿಯನ್ನೇ. ಚುನಾವಣೆ ಬಂದರೆ ಅಭ್ಯರ್ಥಿಯ ಹೆಗಲಿಗೂ ಅದೇ. 2021ರ ಸಿಂದಗಿ, ಹಾನಗಲ್ ಉಪಚುನಾವಣೆಯಲ್ಲಿ ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ, ಯಾರಿಗಿಲ್ಲ ಎಂದು ರಾಜ್ಯದ ದೊಡ್ಡ ದೊಡ್ಡವರೇ ದಿನಗಟ್ಟಲೆ ವಾದಿಸಿದರು. ಚುಚ್ಚುತ್ತದೆಯೆಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಅಕ್ರಾದ ಸೆಕೆಗೆ ಮಾತ್ರ ಅದು ಉಡುಗೊರೆಯಲ್ಲ, ಶಿಕ್ಷೆ. ಆದರೂ ಚಹಾ ಕುಡಿದ ಋಣಕ್ಕೆ ಒಂದನ್ನು ಕೊಂಡೆವು, ಹೇಳಿದ ಬೆಲೆಗೆ. ಮಡಿಸಿದರೂ ಸೂಟ್‌ಕೇಸಿನ ಅರ್ಧ ಭಾಗ ಅದಕ್ಕೇ ಹೋಗುತ್ತಿತ್ತು. ಈಗ ನಮ್ಮ ಮನೆಯಲ್ಲಿದೆ.

ಮೊಳಕಾಲ್ಮುರಿಗೆ ಹೊರಟೆವು. ಆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಕಂಡುಹಿಡಿದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು ಎಂದು ಚಕ್ರವರ್ತಿ ಅಲ್ಲಿ ಬರೆಸಿದ್ದಾನೆ. ಬರೆದ ಚಪಡನೆಂಬ ಲಿಪಿಕಾರ ತನ್ನ ರುಜುವಿನ ಕೊನೆಗೆ ದೂರದ ವಾಯವ್ಯದ ಖರೋಷ್ಠಿ ಅಕ್ಷರ ಬಳಸಿದ್ದಾನೆ. ಊರು ಬಿಟ್ಟು ಇಷ್ಟು ದೂರ ಬಂದವನು, ಮರಳುವಾಗ ಮನೆಗೇನು ಒಯ್ದನೋ. ಬಹುಶಃ ಅವನೂ ಇಲ್ಲಿ ಸಣ್ಣದೇನೂ ಸಿಗದೆ ಕಂಗಾಲಾಗಿರಬೇಕು. "ಸತ್ಯ ನುಡೀಬೇಕಂದ, ಸರಿ. ಚೌಕಾಸಿ ಮಾಡಬಾರದು ಅಂದಿಲ್ಲವಲ್ಲ" ಎಂದು ನಾದಿನಿ ಸಮಾಧಾನಪಟ್ಟುಕೊಂಡಳು.

ನೇಕಾರರ ಮನೆಯೊಳಗೆ ಕಾಲಿಟ್ಟರೆ ಮಗ್ಗವೇ ಮನೆ. ಉಳಿದವರು ಅದರ ಸುತ್ತ ಜಾಗ ಮಾಡಿಕೊಂಡಿರುತ್ತಾರೆ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದರ ಹೆಚ್ಚುಗಾರಿಕೆ ಇರುವುದು ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆಯಾಗಿ ನೇಯುವುದರಲ್ಲಿ. ಅದಕ್ಕೆ ಮೂರು ಲಾಳಿ ಬೇಕು: ಒಡಲಿಗೊಂದು, ಎರಡು ಅಂಚಿಗೆ ಎರಡು. ಪ್ರತಿ ಎಳೆಗೂ ಅಂಚಿನ ನೂಲು ಒಡಲಿನ ನೂಲನ್ನು ಹಿಡಿದು ಹಿಂದಿರುಗಬೇಕು. ಇದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು, ಸಾಮಾನ್ಯವಾಗಿ ಮನೆಯವರೇ. ಗಂಡ ಹೆಂಡತಿ ಜಗಳವಾಡಿದ ದಿನ ಅಂಚು ಒಡಲು ಸೇರುವ ಕಡೆ ಗೊತ್ತಾಗುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ಹೆಂಗಸಿನ ಮುಖ ನೋಡಿದರೆ ಉತ್ತರ ಸಿಗುವಂತಿತ್ತು.

"ರೇಷ್ಮೆ ಅಪ್ಪಟವಾ? ಎಳೆ ಸುಟ್ಟು ನೋಡ್ಲಾ?" ಎಂದಳು ನಾದಿನಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆಂದು ಅವಳು ಎಲ್ಲೋ ಓದಿದ್ದಳು. ನೇಕಾರರು ಶಾಂತವಾಗಿ ಬೆಂಕಿಪೊಟ್ಟಣವನ್ನೂ ಎರಡು ಎಳೆಯನ್ನೂ ಕೊಟ್ಟರು. "ಸುಡ್ರಿ. ಬರೋರೆಲ್ಲ ಸುಡ್ತಾರೆ. ಪೊಟ್ಟಣ ಅದಕ್ಕೇ ಇಟ್ಟೀನಿ."

ತೊಡಕು ಬಂದದ್ದು ಆಮೇಲೆ. ಘಾನಾದ ಗೆಳತಿಗೆ ಸೀರೆ ಉಡಲು ಬರುವುದಿಲ್ಲ. ಅಲ್ಲಿನ ಹೆಂಗಸರು ಒಳ್ಳೆಯ ಬಟ್ಟೆ ಸಿಕ್ಕರೆ ದರ್ಜಿಗೆ ಕೊಟ್ಟು ಮೈಗಪ್ಪುವ ಕುಪ್ಪಸ, ಉದ್ದ ಲಂಗ ಹೊಲಿಸುತ್ತಾರೆ. ಸೀರೆಗೂ ಕತ್ತರಿ ತಪ್ಪಿದ್ದಲ್ಲ. ಇದನ್ನು ನೇಕಾರರ ಎದುರು ಹೇಳುವುದು ಹೇಗೆಂದು ನಾವಿಬ್ಬರೂ ಪಿಸುಗುಟ್ಟಿದೆವು. ಅವರ ಕಿವಿ ಚುರುಕಾಗಿತ್ತು.

"ಕತ್ತರಿಸ್ಲಿ ಬಿಡ್ರಿ. ಇಲ್ಲೂ ಅಮ್ಮನ ಸೀರೆ ಕತ್ತರಿಸಿ ಮಗಳಿಗೆ ಲಂಗ ಹೊಲಿಸ್ತಾರೆ. ಅವ್ರು ಎಷ್ಟು ಎತ್ತರ?"

ನಾದಿನಿ ವಿಡಿಯೋ ಕರೆ ಮಾಡಿದಳು. ಗೆಳತಿ ಎದ್ದು ನಿಂತು, ಒಂದು ಸುತ್ತು ತಿರುಗಿ ತೋರಿಸಿದಳು. ನೇಕಾರರು ಕಣ್ಣಳತೆ ಮಾಡಿ, ಕೆಳಗೆ ಅಂಚು ಬರಲಿ, ಸೆರಗಿನ ಗೋಪುರ ಕುಪ್ಪಸಕ್ಕೆ ಹೋಗಲಿ, ಎತ್ತರದ ಹೆಂಗಸು, ದೊಡ್ಡ ಅಂಚಿನದೇ ಆಗಬೇಕು ಎಂದು ಒಳಗಿನಿಂದ ಇನ್ನೊಂದು ಸೀರೆ ತರಿಸಿದರು. ಕರಿ ಒಡಲು, ಕೆಂಪು ಅಂಚು. ಗೆಳತಿ ಅಲ್ಲಿಂದಲೇ ಚೀರಿದಳು. ಆಮೇಲೆ ಬೆಲೆ ಕೇಳಿದಳು. ಉಡುಗೊರೆ ಎಂದರೂ ಬಿಡಲಿಲ್ಲ. ನಾದಿನಿ ಹೇಳಿದಳು. ಫೋನು ನಡುಗುವಂತೆ ನಕ್ಕು ಅವಳೇನೋ ಅಂದಳು.

ಇಂಗ್ಲಿಷ್ ಬಾರದ ನೇಕಾರರು ತಲೆ ಎತ್ತಿ ಕೇಳಿದರು. "ಅರ್ಧಕ್ಕೆ ಕೇಳ್ತಾ ಅದಾರಾ?"

"ಹೂಂ."

"ಚಳ್ಳಕೆರೆ ಕಡೆಯವ್ರಾ?"